ಇಷ್ಟು ಗಟ್ಟಿ ಬಲ ಇದ್ದರೂ ಯುರೇನಿಯಂ ಯಾಕೆ ಒಡೆಯುತ್ತದೆ?

ಪ್ರಶ್ನೆ: ಸರ್, ನಾನು ಕಾರವಾರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಲ್ಲಾಪುರ, ಕದ್ರಾ ಕಡೆಯ ಮಕ್ಕಳೂ ನಮ್ಮಲ್ಲಿಗೆ ಬರುತ್ತಾರೆ. ಪರಮಾಣುವಿನ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ನಿಂತು, "ಒಂದೇ ಚಾರ್ಜಿನವು ದೂರ ತಳ್ಳುತ್ತವೆ ಅಂತ ನೀವೇ ಹೇಳಿದ್ರಿ ಅಕ್ಕೋರೆ. ಹಾಗಾದ್ರೆ ಅಷ್ಟೊಂದು ಪ್ರೋಟಾನ್ ಒಂದೇ ಕಡೆ ಹೇಗೆ ಕೂತಿವೆ?" ಎಂದಳು. ಪ್ರಬಲ ನ್ಯೂಕ್ಲಿಯರ್ ಬಲ ಹಿಡಿದುಕೊಂಡಿದೆ ಎಂದೆ. ಅವಳು ಬಿಡಲಿಲ್ಲ. ಅಷ್ಟು ಗಟ್ಟಿ ಬಲವಾದರೆ ಲೋಕದ ವಸ್ತುವೆಲ್ಲ ಸೇರಿ ಒಂದೇ ಉಂಡೆ ಆಗಬೇಕಿತ್ತಲ್ಲ, ಮತ್ತೆ ಯುರೇನಿಯಂ ಯಾಕೆ ಒಡೆಯುತ್ತದೆ ಎಂದು ಕೇಳಿದಳು. ಉತ್ತರ ನಾಳೆ ಹೇಳುತ್ತೇನೆ ಎಂದು ಪಾಠ ಮುಗಿಸಿದೆ. ಅದೇ ವಾರ ಪಾಲಕರ ಸಭೆಯಲ್ಲಿ ಒಬ್ಬರು, "ಕೈಗಾದಲ್ಲಿ ಆ ಬಲವನ್ನೇ ಬಿಚ್ಚಿಬಿಡ್ತಾರಂತೆ, ಅದು ಹೊರಗೆ ಬಂದ್ರೆ ನಮ್ಮ ಗತಿ ಏನು?" ಎಂದರು. ಮನೆಗೆ ಬಂದು ವಿಡಿಯೋ ನೋಡಿದೆ. ಒಬ್ಬರು ಗ್ಲೂಆನ್ ಎಂಬ ಅಂಟು ಪ್ರೋಟಾನ್‌ಗಳನ್ನು ಅಂಟಿಸಿದೆ ಎನ್ನುತ್ತಾರೆ. ಇನ್ನೊಬ್ಬರು ಮೆಸಾನ್ ಎನ್ನುತ್ತಾರೆ, ಇಬ್ಬರು ಹುಡುಗರು ಚೆಂಡು ಎಸೆದಾಡುವ ಚಿತ್ರ ತೋರಿಸುತ್ತಾರೆ. ಮಕ್ಕಳಿಗೆ ತಪ್ಪು ಹೇಳಿಬಿಟ್ಟೆನೇನೋ ಎಂಬ ಅಳುಕು ಕಾಡುತ್ತಿದೆ. ಯಾವುದನ್ನು ಕಲಿಸಲಿ?

ಉತ್ತರ: ಅಕ್ಕೋರೆ, ಮೊದಲು ನಿಮ್ಮ ಅಳುಕಿನ ಮಾತು. ನೀವು ತಪ್ಪು ಹೇಳಿಲ್ಲ, ಅರ್ಧ ಹೇಳಿದ್ದೀರಿ, ಅಷ್ಟೇ. ನ್ಯೂಕ್ಲಿಯಸ್ಸನ್ನು ಹಿಡಿದಿಟ್ಟಿರುವುದು ಪ್ರಬಲ ಬಲವೇ. ಆದರೆ ಆ ಬಲ ಎಷ್ಟು ದೂರಕ್ಕೆ ಮುಟ್ಟುತ್ತದೆ ಎಂಬುದನ್ನು ಬಿಟ್ಟರೆ ಮುಂದಿನ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಕಣ ಭೌತಶಾಸ್ತ್ರದ ಪ್ರಯೋಗಗಳಲ್ಲಿ ಕೆಲಸ ಮಾಡಿದ ಕಾಲದಲ್ಲಿ ಎಷ್ಟೋ ಜನ ನನ್ನನ್ನು "ಅದು ಎಷ್ಟು ಶಕ್ತಿಶಾಲಿ?" ಎಂದು ಕೇಳಿದ್ದಾರೆ. "ಎಷ್ಟು ದೂರ?" ಎಂದು ಕೇಳಿದವರು ಕಡಿಮೆ. ನಿಮ್ಮ ಹುಡುಗಿ ಆ ಪದ ಬಳಸದೆಯೇ ಅದನ್ನೇ ಕೇಳಿದ್ದಾಳೆ.

ಮೊದಲು ತಳ್ಳಾಟ ಎಷ್ಟು ಜೋರಿನದು ನೋಡೋಣ. ನ್ಯೂಕ್ಲಿಯಸ್ಸಿನೊಳಗೆ ಅಕ್ಕಪಕ್ಕದ ಎರಡು ಪ್ರೋಟಾನ್‌ಗಳ ನಡುವೆ ಸುಮಾರು 2 ಫೆಮ್ಟೋಮೀಟರ್ ಅಂತರ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು 1 ಫೆಮ್ಟೋಮೀಟರ್. ಇಷ್ಟು ಹತ್ತಿರದಲ್ಲಿ ಕೂಲಂಬ್ ನಿಯಮ ಹಚ್ಚಿ ಲೆಕ್ಕ ಹಾಕಿದರೆ ಒಂದು ಪ್ರೋಟಾನ್ ಇನ್ನೊಂದನ್ನು ಸುಮಾರು 58 ನ್ಯೂಟನ್ ಬಲದಿಂದ ತಳ್ಳುತ್ತದೆ. ಅಂದರೆ ಹೆಚ್ಚುಕಡಿಮೆ 6 ಕಿಲೋ ಅಕ್ಕಿ ಚೀಲದ ಭಾರ, ಕಣ್ಣಿಗೆ ಕಾಣದ ಒಂದು ಕಣದ ಮೇಲೆ. ಗುರುತ್ವ ಇದನ್ನು ತಡೆಯುತ್ತದೆಯೇ? ಇಲ್ಲ. ಎರಡು ಪ್ರೋಟಾನ್‌ಗಳ ನಡುವೆ ಗುರುತ್ವದ ಸೆಳೆತ ಈ ತಳ್ಳಾಟಕ್ಕಿಂತ ಎಷ್ಟು ಚಿಕ್ಕದೆಂದರೆ, 1ರ ಮುಂದೆ 36 ಸೊನ್ನೆ ಬರೆಯಬೇಕು. ಹಾಗಾಗಿ ಬೇರೆಯೇ ಒಂದು ಬಲ ಬೇಕೇ ಬೇಕು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದ ಮೇಲೆ ಈ ಪ್ರಶ್ನೆ ಎಲ್ಲರ ಎದುರಿಗೆ ಬಂದು ನಿಂತಿತು. ಚಾರ್ಜೇ ಇಲ್ಲದ ನ್ಯೂಟ್ರಾನನ್ನು ಯಾವ ವಿದ್ಯುತ್ ಬಲವೂ ಅಲ್ಲಿ ಹಿಡಿದಿಡಲಾರದು, ಅಲ್ವಾ?

ಆ ಬೇರೆ ಬಲವೇ ಪ್ರಬಲ ಬಲ. ಒಂದು ಫೆಮ್ಟೋಮೀಟರಿನ ಆಸುಪಾಸಿನಲ್ಲಿ ಅದರ ಸೆಳೆತ ವಿದ್ಯುತ್ತಿನ ತಳ್ಳಾಟವನ್ನು ಸುಲಭವಾಗಿ ಮಣಿಸುತ್ತದೆ. ಆದರೆ ಎರಡು ಮೂರು ಫೆಮ್ಟೋಮೀಟರ್ ದಾಟಿದರೆ ಅದು ಇದೆಯೋ ಇಲ್ಲವೋ ಎನ್ನುವಷ್ಟು ಕುಗ್ಗುತ್ತದೆ. ವಿದ್ಯುತ್ ಬಲ ಹಾಗಲ್ಲ. ದೂರ ಎರಡು ಪಟ್ಟಾದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ, ಹತ್ತು ಪಟ್ಟಾದರೆ ನೂರನೇ ಒಂದು ಭಾಗಕ್ಕೆ. ಕಡಿಮೆಯಾಗುತ್ತಾ ಹೋಗುತ್ತದೆಯೇ ಹೊರತು ಮುಗಿಯುವುದಿಲ್ಲ.

ಈಗ ಉಂಡೆಯ ಪ್ರಶ್ನೆ. ಒಂದು ಕಬ್ಬಿಣದ ತುಂಡಿನಲ್ಲಿ ಒಂದು ನ್ಯೂಕ್ಲಿಯಸ್ಸಿಗೂ ಪಕ್ಕದ್ದಕ್ಕೂ ನಡುವೆ ಸುಮಾರು 2.5 ಲಕ್ಷ ಫೆಮ್ಟೋಮೀಟರ್ ದೂರ. ಎರಡು ಮೂರು ಫೆಮ್ಟೋಮೀಟರಿಗೇ ಸುಸ್ತಾಗುವ ಬಲಕ್ಕೆ ಪಕ್ಕದ ನ್ಯೂಕ್ಲಿಯಸ್ ಇದೆ ಎಂಬುದೇ ಗೊತ್ತಾಗುವುದಿಲ್ಲ. ಹತ್ತಿರ ತರೋಣವೆಂದರೆ ದಾರಿಯುದ್ದಕ್ಕೂ ವಿದ್ಯುತ್ತಿನ ತಳ್ಳಾಟ ಅಡ್ಡ ನಿಂತಿದೆ. ಸೂರ್ಯನ ನಡುಭಾಗದಲ್ಲಿ ಸುಮಾರು 1.5 ಕೋಟಿ ಡಿಗ್ರಿ ಬಿಸಿ ಇದ್ದರೂ ಪ್ರೋಟಾನ್‌ಗಳು ಸೇರುವುದು ಅಪರೂಪ. ಅದೇ ನಮ್ಮ ಪುಣ್ಯ. ಸುಲಭವಾಗಿ ಸೇರುವಂತಿದ್ದರೆ ಸೂರ್ಯ ಯಾವತ್ತೋ ಉರಿದು ಮುಗಿಯುತ್ತಿದ್ದ.

ಇನ್ನೊಂದು ತುದಿಯಲ್ಲಿ, ತೀರಾ ಹತ್ತಿರ ಬಂದರೆ ಇದೇ ಬಲ ತಿರುಗಿ ತಳ್ಳುತ್ತದೆ. ದ್ವಿತೀಯ ಪಿಯುಸಿ ಪುಸ್ತಕದ ಗ್ರಾಫ್‌ನಲ್ಲಿ ಸುಮಾರು 0.8 ಫೆಮ್ಟೋಮೀಟರಿನ ಬಳಿ ಒಂದು ತಗ್ಗು ಇದೆಯಲ್ಲ, ಅದರ ಎಡಗಡೆ ಇರುವುದು ಈ ತಳ್ಳಾಟ. ಹಾಗಾಗಿ ನ್ಯೂಕ್ಲಿಯಸ್ ಕುಸಿದು ಚುಕ್ಕಿಯಾಗುವುದಿಲ್ಲ.

ಯುರೇನಿಯಂ ಯಾಕೆ ಒಡೆಯುತ್ತದೆ ಎಂಬ ಪ್ರಶ್ನೆಗೆ ಬರುವ ಮೊದಲು ಒಂದು ಚಿತ್ರ ಕೊಡುತ್ತೇನೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ಜನಜಂಗುಳಿಯನ್ನು ಮಕ್ಕಳು ನೋಡಿರುತ್ತಾರೆ. ಚದುರಿ ಹೋಗಬಾರದೆಂದು ಮನೆಯವರು ಒಬ್ಬರ ಕೈ ಒಬ್ಬರು ಹಿಡಿದಿರುತ್ತಾರೆ. ಹಿಡಿಯಲು ಸಿಗುವುದು ಪಕ್ಕದವರ ಕೈ ಮಾತ್ರ. ಗುಂಪು ಹತ್ತು ಜನರದ್ದಾದರೂ ನೂರು ಜನರದ್ದಾದರೂ ಒಬ್ಬೊಬ್ಬರಿಗೆ ಸಿಗುವ ಹಿಡಿತ ಅಷ್ಟೇ. ಆದರೆ ಗುಂಪಿನೊಳಗೆ ಜಗಳ ಎದ್ದರೆ ಎಲ್ಲರ ಕೂಗೂ ಎಲ್ಲರಿಗೂ ಕೇಳುತ್ತದೆ. ಕೈ ಹಿಡಿಯುವುದು ಪ್ರಬಲ ಬಲ, ಕೂಗಾಟ ವಿದ್ಯುತ್ ಬಲ.

ಇದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು. ಹೀಲಿಯಂನಲ್ಲಿ 2 ಪ್ರೋಟಾನ್, ತಳ್ಳಾಡುವ ಜೋಡಿ ಒಂದೇ. ಕಬ್ಬಿಣದಲ್ಲಿ 26 ಪ್ರೋಟಾನ್, ಜೋಡಿಗಳು 325. ಯುರೇನಿಯಂನಲ್ಲಿ 92 ಪ್ರೋಟಾನ್, ಜೋಡಿಗಳು 4,186. ಹಿಡಿತ ಕಣಗಳ ಸಂಖ್ಯೆಯ ಜೊತೆ ನಿಧಾನವಾಗಿ ಏರುತ್ತದೆ, ತಳ್ಳಾಟ ಹೆಚ್ಚುಕಡಿಮೆ ಪ್ರೋಟಾನ್ ಸಂಖ್ಯೆಯ ವರ್ಗದಂತೆ ಜಿಗಿಯುತ್ತದೆ. ಯಾವುದೋ ಒಂದು ಗಾತ್ರದಲ್ಲಿ ಎರಡನೆಯದು ಮೇಲುಗೈ ಪಡೆಯಲೇಬೇಕು.

ಪ್ರಕೃತಿ ಇದಕ್ಕೆ ಮಾಡಿಕೊಂಡ ಉಪಾಯ ನ್ಯೂಟ್ರಾನ್. ಅದು ಹಿಡಿತಕ್ಕೆ ಕೈ ಕೊಡುತ್ತದೆ, ಕೂಗಾಟಕ್ಕೆ ಸೇರುವುದಿಲ್ಲ. ಕ್ಯಾಲ್ಸಿಯಂನ ಸಾಮಾನ್ಯ ಬಗೆಯಲ್ಲಿ 20 ಪ್ರೋಟಾನಿಗೆ 20 ನ್ಯೂಟ್ರಾನ್ ಸಾಕು. ಸೀಸ-208ರಲ್ಲಿ 82ಕ್ಕೆ 126 ಬೇಕಾಗಿದೆ. ಯುರೇನಿಯಂ-238ರಲ್ಲಿ 92ಕ್ಕೆ 146. ಹಾಗಂತ ನ್ಯೂಟ್ರಾನನ್ನೇ ಸುರಿಯುತ್ತಾ ಹೋಗುವಂತಿಲ್ಲ. ಎರಡು ನ್ಯೂಟ್ರಾನ್‌ಗಳ ನಡುವೆ ವಿದ್ಯುತ್ತಿನ ತಳ್ಳಾಟವೇ ಇಲ್ಲ, ಆದರೂ ಅವೆರಡೇ ಸೇರಿ ಒಂದು ನ್ಯೂಕ್ಲಿಯಸ್ ಆಗುವುದಿಲ್ಲ. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಸೇರಿದರೆ ಡ್ಯೂಟೆರಾನ್ ಆಗುತ್ತದೆ. ಅದೂ ಬಿಗಿಯಾದ ಕಟ್ಟಲ್ಲ, ಬಿಡಿಸಲು 2.2 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಲೋಕದಲ್ಲಿ ಶಕ್ತಿಯ ಅಳತೆ), ಅಂದರೆ 2.2 ಎಂಇವಿ, ಕೊಟ್ಟರೆ ಸಾಕು. ಕಾರಣ, ಈ ಬಲ ಕಣಗಳ ಸ್ಪಿನ್, ಅಂದರೆ ಕಣಕ್ಕೆ ಸಹಜವಾಗಿಯೇ ಇರುವ ಒಂದು ಬಗೆಯ ತಿರುಗುವ ಗುಣ, ಹೇಗೆ ನಿಂತಿದೆ ಎಂಬುದನ್ನೂ ನೋಡುತ್ತದೆ. ಎರಡೂ ಸ್ಪಿನ್ ಒಂದೇ ದಿಕ್ಕಿಗಿದ್ದಾಗ ಸೆಳೆತ ಚೂರು ಜಾಸ್ತಿ. ಎರಡು ನ್ಯೂಟ್ರಾನ್‌ಗಳು ತೀರಾ ಹತ್ತಿರವಿದ್ದಾಗ ಹಾಗೆ ನಿಲ್ಲಲು ಕ್ವಾಂಟಂ ನಿಯಮ ಬಿಡುವುದಿಲ್ಲ. ಹೈಸ್ಕೂಲಿಗೆ ಇದು ಬೇಡ, ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ಒಂದು ಕಣಕ್ಕೆ ಸರಾಸರಿ ಎಷ್ಟು ಹಿಡಿತ ಸಿಗುತ್ತದೆ ಎಂದು ಅಳೆದರೆ ಹೀಲಿಯಂನಲ್ಲಿ ಸುಮಾರು 7.1 ಎಂಇವಿ, ಕಬ್ಬಿಣ ಮತ್ತು ನಿಕ್ಕಲ್ ಬಳಿ 8.8, ಯುರೇನಿಯಂನಲ್ಲಿ 7.6. ಏರಿ ಇಳಿಯುವ ಈ ಗೆರೆಯಲ್ಲಿ ಇಳಿಜಾರಿಗೆ ಕಾರಣ ಆ 4,186 ಜೋಡಿಗಳು. ನಿಜವಾಗಿ ಗಟ್ಟಿ ನಿಂತಿರುವ ಅತಿ ಭಾರದ ನ್ಯೂಕ್ಲಿಯಸ್ ಸೀಸ-208. ಪಕ್ಕದ ಬಿಸ್ಮತ್-209 ಕೂಡ ಶಾಶ್ವತ ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. ಅದೂ ಒಡೆಯುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಆದರೆ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆಯಲು ಬೇಕಾದ ಕಾಲ, ವಿಶ್ವದ ವಯಸ್ಸಿಗಿಂತ ನೂರು ಕೋಟಿ ಪಟ್ಟು ಜಾಸ್ತಿ! ಇಂಥದ್ದನ್ನೂ ಅಳೆದು ಹಿಡಿಯುವ ಜನ ಇದ್ದಾರೆ.

ಈಗ ಕೈಗಾ. ಪಾಲಕರ ಆ ಮಾತನ್ನು ತೇಲಿಸಿಬಿಡಬೇಡಿ. ಅದರಲ್ಲಿ ಒಂದು ತಪ್ಪು ಕಲ್ಪನೆಯೂ ಇದೆ, ಒಂದು ನ್ಯಾಯವಾದ ಆತಂಕವೂ ಇದೆ. ಎರಡನ್ನೂ ಬೇರೆ ಮಾಡಬೇಕು.

ತಪ್ಪು ಕಲ್ಪನೆ ಏನೆಂದರೆ, ರಿಯಾಕ್ಟರಿನಲ್ಲಿ ಪ್ರಬಲ ಬಲವನ್ನು "ಬಿಚ್ಚಿ" ಶಕ್ತಿ ತೆಗೆಯುತ್ತಾರೆ ಎನ್ನುವುದು. ಓದಿದವರೂ ಹೀಗೇ ಹೇಳುವುದನ್ನು ಕೇಳಿದ್ದೇನೆ. ನಡೆಯುವುದು ಹೆಚ್ಚುಕಡಿಮೆ ತಿರುಗುಮುರುಗು. ಯುರೇನಿಯಂ ಎರಡಾಗಿ ಒಡೆದಾಗ ಹೊರಬರುವ ಶಕ್ತಿ ಮುಖ್ಯವಾಗಿ ಪ್ರೋಟಾನ್‌ಗಳ ವಿದ್ಯುತ್ ತಳ್ಳಾಟದ್ದು. ಒರಟು ಲೆಕ್ಕ ಹೀಗಿದೆ. ಒಂದು ನ್ಯೂಕ್ಲಿಯಸ್ ಎರಡು ಸಮ ಹೋಳಾದರೆ ವಿದ್ಯುತ್ ಶಕ್ತಿಯಲ್ಲಿ ಸುಮಾರು 360 ಎಂಇವಿ ಬಿಡುಗಡೆಯಾಗುತ್ತದೆ. ಅದೇ ಹೊತ್ತಿಗೆ ಪ್ರಬಲ ಬಲದ ಖಾತೆಯಲ್ಲಿ ನಷ್ಟವಾಗುತ್ತದೆ. ಒಂದು ದೊಡ್ಡ ಹನಿ ಎರಡು ಸಣ್ಣ ಹನಿಯಾದಾಗ ಹೊರಮೈ ಜಾಸ್ತಿಯಾಗುತ್ತದೆ. ಹೊರಮೈಯಲ್ಲಿರುವ ಕಣಕ್ಕೆ ಒಂದು ಕಡೆ ಹಿಡಿಯಲು ಯಾರೂ ಇಲ್ಲ. ಈ ನಷ್ಟ 180 ಎಂಇವಿಯ ಹತ್ತಿರ. ಉಳಿಯುವುದು 180ರ ಸುತ್ತಮುತ್ತ. ನಿಜವಾದ ಅಳತೆಯಲ್ಲಿ ಒಂದು ವಿಭಜನೆಗೆ ಸುಮಾರು 200 ಎಂಇವಿ ಬರುತ್ತದೆ. ಅದರಲ್ಲಿ ಸುಮಾರು 168 ಎರಡು ಹೋಳುಗಳ ಓಟದಲ್ಲಿರುತ್ತದೆ. ಒಂದನ್ನೊಂದು ತಳ್ಳಿಕೊಂಡು ಅವು ಸೆಕೆಂಡಿಗೆ ಹತ್ತು ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಸಿಡಿಯುತ್ತವೆ. ಇಂಧನದೊಳಗೇ, ತಲೆಕೂದಲಿನ ದಪ್ಪಕ್ಕಿಂತ ಕಡಿಮೆ ದೂರದಲ್ಲಿ, ನಿಂತೂಬಿಡುತ್ತವೆ. ಆ ಓಟವೇ ಶಾಖವಾಗುತ್ತದೆ. ಶಾಖ ನೀರನ್ನು ಆವಿ ಮಾಡುತ್ತದೆ, ಆವಿ ಟರ್ಬೈನ್ ತಿರುಗಿಸುತ್ತದೆ. ಅಂದರೆ ಅಲ್ಲಿ ಪ್ರಬಲ ಬಲ ಶಕ್ತಿ ಕೊಡುವುದಕ್ಕಿಂತ ಹೆಚ್ಚಾಗಿ ಬಾಗಿಲು ಹಿಡಿದು ನಿಂತಿದೆ.

ಬಾಗಿಲು ತೆರೆಯುವುದು ಯಾರು? ಇಲ್ಲಿ ಮಾತ್ರ ಪ್ರಬಲ ಬಲದ ಕೈವಾಡ ಇದೆ. ನಿಧಾನವಾಗಿ ಬರುವ ನ್ಯೂಟ್ರಾನಿಗೆ ಚಾರ್ಜ್ ಇಲ್ಲದ್ದರಿಂದ ಯಾವ ಅಡ್ಡಿಯೂ ಇಲ್ಲದೆ ಯುರೇನಿಯಂ-235ರ ಒಳಗೆ ಹೋಗುತ್ತದೆ. ಪ್ರಬಲ ಬಲ ಅದನ್ನು ಸೆಳೆದುಕೊಳ್ಳುತ್ತದೆ. ಆ ಸೆಳೆತದಿಂದ ಸುಮಾರು 6.5 ಎಂಇವಿ ನ್ಯೂಕ್ಲಿಯಸ್ಸಿಗೆ ಸೇರುತ್ತದೆ. ಒಡೆಯಲು ದಾಟಬೇಕಾದ ದಿಬ್ಬ 6ರ ಹತ್ತಿರ, ಹಾಗಾಗಿ ಅದು ಅಲುಗಾಡಿ ಒಡೆಯುತ್ತದೆ. ಯುರೇನಿಯಂ-238ಕ್ಕೆ ಅದೇ ನ್ಯೂಟ್ರಾನ್ ಬಂದರೆ ಸಿಗುವುದು 4.8 ಮಾತ್ರ. ದಿಬ್ಬ ದಾಟುವುದಿಲ್ಲ. ಗಣಿಯಿಂದ ಬಂದ ಯುರೇನಿಯಂನಲ್ಲಿ 235ರ ಪಾಲು ಶೇಕಡಾ 0.7. ಅಷ್ಟರಲ್ಲೇ ಕೆಲಸ ನಡೆಸಬೇಕೆಂದು ಕೈಗಾದಂಥ ರಿಯಾಕ್ಟರಿನಲ್ಲಿ ಭಾರಜಲ ಬಳಸುತ್ತಾರೆ. ಅದು ನ್ಯೂಟ್ರಾನನ್ನು ನುಂಗದೆ ನಿಧಾನ ಮಾಡುತ್ತದೆ. ಕೈಗಾದ ಈಗಿನ ನಾಲ್ಕೂ ಘಟಕಗಳು 220 ಮೆಗಾವ್ಯಾಟಿನವು, ಇದೇ ಬಗೆಯವು. ಮೊದಲನೆಯ ಘಟಕ 2018ರ ಕೊನೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತ್ತು. ನಿಮ್ಮ ಮಕ್ಕಳಲ್ಲಿ ಕೆಲವರ ಅಪ್ಪ ಅಮ್ಮ ಅಲ್ಲೇ ಇದ್ದಿರಬಹುದು.

ಹಾಗಾದರೆ "ಆ ಬಲ ಹೊರಗೆ ಬಂದರೆ" ಎಂಬುದಕ್ಕೆ ಉತ್ತರ ಸುಲಭ. ಪ್ರಬಲ ಬಲ ನ್ಯೂಕ್ಲಿಯಸ್ಸಿನ ಹೊಸಿಲನ್ನೇ ದಾಟುವುದಿಲ್ಲ, ಕಾಳಿ ನದಿ ದಾಟುವ ಮಾತು ದೂರ. ಅದು ಸೋರುವ ವಸ್ತುವಲ್ಲ.

ನ್ಯಾಯವಾದ ಆತಂಕ ಬೇರೆ ಇದೆ. ಒಡೆದ ಹೋಳುಗಳಲ್ಲಿ ನ್ಯೂಟ್ರಾನ್ ಜಾಸ್ತಿ ಇರುತ್ತದೆ. ಅವು ಬೀಟಾ ಕ್ಷಯದಿಂದ, ಅಂದರೆ ಒಳಗಿನ ನ್ಯೂಟ್ರಾನ್ ಒಂದು ಎಲೆಕ್ಟ್ರಾನನ್ನು ಹೊರಹಾಕಿ ಪ್ರೋಟಾನ್ ಆಗುವುದರಿಂದ, ಸರಿದಾರಿಗೆ ಬರುತ್ತವೆ. ಅದು ದುರ್ಬಲ ಬಲ ಎಂಬ ಇನ್ನೊಂದು ಬಲದ ಕೆಲಸ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ, ಸೀಸಿಯಂ-137ರದ್ದು ಸುಮಾರು 30 ವರ್ಷ. ಆರೋಗ್ಯಕ್ಕೆ ತೊಂದರೆ ಕೊಡಬಲ್ಲದ್ದು ಇಂಥ ವಸ್ತುಗಳು ಹೊರಗೆ ಬಂದರೆ. ಇನ್ನೊಂದು ಮಾತೂ ಇದೆ. ರಿಯಾಕ್ಟರನ್ನು ನಿಲ್ಲಿಸಿದ ತಕ್ಷಣ ಶಾಖ ಪೂರ್ತಿ ನಿಲ್ಲುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಮೊದಲಿದ್ದ ಶಾಖದ ಶೇಕಡಾ 6ರಿಂದ 7, ಒಂದು ದಿನದ ಮೇಲೂ ಶೇಕಡಾ ಅರ್ಧದಷ್ಟು ಉಳಿದಿರುತ್ತದೆ. ಅದನ್ನು ತಣಿಸುತ್ತಲೇ ಇರಬೇಕು. 2011ರಲ್ಲಿ ಫುಕುಶಿಮಾದಲ್ಲಿ ತಪ್ಪಿದ್ದು ಇದೇ. ಆದ್ದರಿಂದ ಆ ಪಾಲಕರಿಗೆ "ಏನೂ ಆಗೋದಿಲ್ಲ ಬಿಡಿ" ಎನ್ನಬೇಡಿ. "ಹೆದರಬೇಕಾದ್ದು ಆ ಬಲಕ್ಕಲ್ಲ. ಕೇಳಬೇಕಾದ ಪ್ರಶ್ನೆ ತಣಿಸುವ ವ್ಯವಸ್ಥೆಯದ್ದು, ಹೊರಗೋಡೆಯದ್ದು, ಸುತ್ತಲಿನ ನೀರು, ಮೀನು, ಹಾಲಿನಲ್ಲಿ ಅಳತೆ ಏನು ಬರುತ್ತಿದೆ ಎಂಬುದರದ್ದು" ಎನ್ನಿ. ಅಳತೆ ಮಾಡಲು ಕೈಗಾದಲ್ಲಿ ಪರಿಸರ ಸಮೀಕ್ಷೆಯ ಪ್ರಯೋಗಾಲಯವೇ ಇದೆ. ಸ್ಥಾವರ ಬೇಕೋ ಬೇಡವೋ ಎಂಬುದು ಊರಿನವರು ಕೂತು ಮಾತಾಡುವ ವಿಷಯ. ಸರಿಯಾದ ಪ್ರಶ್ನೆ ಕೈಯಲ್ಲಿದ್ದರೆ ಆ ಮಾತು ಒಳ್ಳೆಯದಾಗಿ ನಡೆಯುತ್ತದೆ.

ಇನ್ನು ವಿಡಿಯೋಗಳ ಜಗಳ. ಗ್ಲೂಆನ್ ಸರಿಯೋ, ಮೆಸಾನ್ ಸರಿಯೋ? ಇಬ್ಬರೂ ಬೇರೆ ಬೇರೆ ಅಂತಸ್ತಿನ ಮಾತು ಹೇಳುತ್ತಿದ್ದಾರೆ.

ಪ್ರೋಟಾನ್ ಒಂಟಿ ಕಣವಲ್ಲ. ಅದರೊಳಗೆ ಕ್ವಾರ್ಕ್‌ಗಳಿವೆ ಎಂದು 1964ರಲ್ಲಿ ಗೆಲ್-ಮನ್ ಮತ್ತು ಜ್ವೈಗ್ ಬೇರೆ ಬೇರೆಯಾಗಿ ಸೂಚಿಸಿದರು. 1960ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಲೆಕ್ಟ್ರಾನ್‌ಗಳನ್ನು ಪ್ರೋಟಾನಿಗೆ ಹೊಡೆದು ನೋಡಿದಾಗ ಒಳಗೆ ಗಟ್ಟಿ ಚುಕ್ಕಿಗಳಿರುವುದು ತಿಳಿಯಿತು. ಕ್ವಾರ್ಕ್‌ಗಳಿಗೆ ವಿದ್ಯುತ್ ಚಾರ್ಜ್ ಅಲ್ಲದೆ ಇನ್ನೊಂದು ಬಗೆಯ ಚಾರ್ಜ್ ಇದೆ. ಅದಕ್ಕೆ ಬಣ್ಣ ಎಂದು ಹೆಸರಿಟ್ಟಿದ್ದಾರೆ, ಕಣ್ಣಿಗೆ ಕಾಣುವ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೂರು ಬಗೆ ಇದೆ. ಮೂರೂ ಸೇರಿದರೆ ಒಟ್ಟು ಸೊನ್ನೆ. ಈ ಚಾರ್ಜಿನ ಮೇಲೆ ಕೆಲಸ ಮಾಡುವ ಬಲವನ್ನು ಹೊತ್ತೊಯ್ಯುವುದು ಗ್ಲೂಆನ್, ಎಂಟು ಬಗೆಯವು. ವಿದ್ಯುತ್ ಬಲವನ್ನು ಹೊರುವ ಬೆಳಕಿನ ಕಣಕ್ಕೆ ವಿದ್ಯುತ್ ಚಾರ್ಜ್ ಇಲ್ಲ. ಆದರೆ ಗ್ಲೂಆನಿಗೆ ಬಣ್ಣದ ಚಾರ್ಜ್ ಇದೆ, ಹಾಗಾಗಿ ಗ್ಲೂಆನ್‌ಗಳು ತಮ್ಮತಮ್ಮಲ್ಲೇ ಸೆಳೆದಾಡುತ್ತವೆ. ಈ ಬಲದ ವಿಚಿತ್ರ ನಡತೆಗೆಲ್ಲ ಮೂಲ ಇಲ್ಲೇ ಇದೆ.

ಆ ನಡತೆ ಹೇಗಿದೆ ನೋಡಿ. ಕ್ವಾರ್ಕ್‌ಗಳು ತೀರಾ ಹತ್ತಿರವಿದ್ದಾಗ ಸೆಳೆತ ಸಡಿಲ. ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ 1973ರಲ್ಲಿ ಇದನ್ನು ಲೆಕ್ಕದಿಂದ ತೋರಿಸಿದರು, 2004ರಲ್ಲಿ ನೊಬೆಲ್ ಪಡೆದರು. ದೂರ ಎಳೆದರೆ ಸೆಳೆತ ಕಡಿಮೆಯಾಗುವುದಿಲ್ಲ. ಸುಮಾರು 16 ಟನ್ ಭಾರಕ್ಕೆ ಸಮವಾಗಿ ನಿಂತುಬಿಡುತ್ತದೆ. ಎಳೆಯುತ್ತಾ ಹೋದಷ್ಟೂ ಶಕ್ತಿ ಸುರಿಯಬೇಕು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಶಕ್ತಿಯಿಂದಲೇ ಹೊಸ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಜೋಡಿ ಹುಟ್ಟುತ್ತದೆ. ನಿಮ್ಮ ಕೈಗೆ ಒಂಟಿ ಕ್ವಾರ್ಕ್ ಸಿಗುವುದಿಲ್ಲ, ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಸೇರಿದ ಕಣವಾದ ಮೆಸಾನ್ ಸಿಗುತ್ತದೆ. ಹಾಗಾದರೆ ಗ್ಲೂಆನ್ ಇದೆ ಎಂದು ಹೇಗೆ ಗೊತ್ತು? 1979ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿ ಹೊಡೆಸಿದಾಗ ಕಣಗಳ ಎರಡು ಚಿಲುಮೆಯ ಬದಲು ಕೆಲವೊಮ್ಮೆ ಮೂರು ಕಂಡವು. ಮೂರನೆಯದು ಗ್ಲೂಆನಿನದು.

ಇನ್ನೊಂದು ಬೆರಗು. ಪ್ರೋಟಾನಿನ ತೂಕ 938 ಎಂಇವಿ (ಕಣಗಳ ತೂಕವನ್ನೂ ಶಕ್ತಿಯ ಈ ಅಳತೆಯಲ್ಲೇ ಹೇಳುತ್ತಾರೆ). ಒಳಗಿನ ಮೂರು ಕ್ವಾರ್ಕ್‌ಗಳ ಸ್ವಂತ ತೂಕ ಕೂಡಿದರೆ 9ರ ಹತ್ತಿರ. ಉಳಿದದ್ದೆಲ್ಲ ಆ ಬಲದ, ಓಡಾಟದ ಶಕ್ತಿ. 60 ಕಿಲೋ ತೂಗುವ ಮನುಷ್ಯನಲ್ಲಿ ಕ್ವಾರ್ಕ್‌ಗಳದೇ ಆದ ತೂಕ ಒಂದು ಕಿಲೋ ಕೂಡ ಇಲ್ಲ. ಇದು ನಿಜ. "ಆದ್ದರಿಂದ ನಾವೆಲ್ಲ ಶಕ್ತಿ ಸ್ವರೂಪ, ಧ್ಯಾನದಿಂದ ಅದನ್ನು ತೆಗೆಯಬಹುದು" ಎಂದು ವಿಡಿಯೋದಲ್ಲಿ ಮುಂದುವರಿಸುತ್ತಾರಲ್ಲ, ಅದು ಸುಮ್ನೆ.

ಇಲ್ಲಿಂದ ನ್ಯೂಕ್ಲಿಯಸ್ಸಿನ ಬಲಕ್ಕೆ ಬರುವ ದಾರಿ ಹೀಗೆ. ಪ್ರೋಟಾನಿನ ಒಟ್ಟು ಬಣ್ಣ ಸೊನ್ನೆ, ನ್ಯೂಟ್ರಾನಿನದೂ ಸೊನ್ನೆ. ಹಾಗಾಗಿ ಗ್ಲೂಆನ್ ನೇರವಾಗಿ ಒಂದು ಪ್ರೋಟಾನನ್ನು ಇನ್ನೊಂದಕ್ಕೆ ಅಂಟಿಸುವುದಿಲ್ಲ. ಎರಡೂ ಮೈಗೆ ಮೈ ತಾಗುವಷ್ಟು ಹತ್ತಿರ ಬಂದಾಗ ಮಾತ್ರ ಒಳಗಿನ ಹಂಚಿಕೆ ಚೂರು ಅದಲುಬದಲಾಗಿ ಒಂದಿಷ್ಟು ಸೆಳೆತ ಹೊರಗೆ ಇಣುಕುತ್ತದೆ. ಚಾರ್ಜ್ ಇಲ್ಲದ ಎರಡು ಅಣುಗಳ ನಡುವೆ ವಾನ್ ಡರ್ ವಾಲ್ಸ್ ಸೆಳೆತ ಇರುವ ಹಾಗೆ. ನ್ಯೂಕ್ಲಿಯಸ್ಸನ್ನು ಹಿಡಿದಿರುವುದು ಮೂಲ ಬಲದ ಈ ಉಳಿಕೆ. ಅದಕ್ಕೇ ಅದರ ಕೈ ಅಷ್ಟು ಮೋಟು.

ಈ ಉಳಿಕೆಯನ್ನು ಕ್ವಾರ್ಕಿನ ಹೆಸರೇ ಇಲ್ಲದ ಕಾಲದಲ್ಲಿ, 1935ರಲ್ಲಿ, ಜಪಾನಿನ ಯುಕಾವಾ ಹಿಡಿದಿದ್ದರು. ಬಲದ ವ್ಯಾಪ್ತಿ ಇಷ್ಟು ಕಿರಿದು ಎಂದರೆ ಅದನ್ನು ಹೊರುವ ಕಣಕ್ಕೆ ತೂಕ ಇರಬೇಕು ಎಂಬುದು ಅವರ ತರ್ಕ. 197ನ್ನು ಕಣದ ತೂಕದಿಂದ ಭಾಗಿಸಿದರೆ ವ್ಯಾಪ್ತಿ ಫೆಮ್ಟೋಮೀಟರಿನಲ್ಲಿ ಬರುತ್ತದೆ. 140 ಎಂಇವಿ ತೂಕದ ಪಯಾನ್ ಎಂಬ ಮೆಸಾನ್ ಹಾಕಿ ನೋಡಿ, 1.4 ಬರುತ್ತದೆ. ಪಯಾನ್ ಸಿಕ್ಕಿದ್ದು 1947ರಲ್ಲಿ, ಪಾವೆಲ್ ಅವರ ತಂಡಕ್ಕೆ, ಫೋಟೋ ಪ್ಲೇಟಿನಲ್ಲಿ. ಅದಕ್ಕೂ ಮೊದಲೇ ಕೋಲ್ಕತ್ತದ ದೇವೇಂದ್ರ ಮೋಹನ್ ಬೋಸ್ ಮತ್ತು ಬಿಭಾ ಚೌಧುರಿ ಡಾರ್ಜಿಲಿಂಗ್ ಕಡೆಯ ಎತ್ತರದ ಬೆಟ್ಟಗಳಲ್ಲಿ ಪ್ಲೇಟ್ ಇಟ್ಟು ಮೆಸಾನ್‌ಗಳ ಜಾಡು ಹಿಡಿದಿದ್ದರು. ಯುದ್ಧದ ಕಾಲ, ಬೇಕಾದ ಒಳ್ಳೆ ಪ್ಲೇಟ್ ಸಿಗಲಿಲ್ಲ, ಕೆಲಸ ಮುಂದೆ ಸಾಗಲಿಲ್ಲ. 1950ರಲ್ಲಿ ನೊಬೆಲ್ ಬಂದದ್ದು ಪಾವೆಲ್‌ಗೆ. ಬಿಭಾ ಚೌಧುರಿ ಅವರ ಹೆಸರನ್ನು ನಿಮ್ಮ ಹುಡುಗಿಗೆ ಹೇಳಿ.

ಹಾಗಾದರೆ ಕ್ಲಾಸಿನಲ್ಲಿ ಏನು ಮಾಡುವುದು? ನಿಮ್ಮ ಮುಂದೆ ಮೂರು ದಾರಿ ಇವೆ, ಮೂರರಲ್ಲೂ ಒಂದೊಂದು ಗುಂಡಿ ಇದೆ.

ಬಲದ ಹಿಂದಿನ ಕಣಗಳ ಗೊಡವೆಗೇ ಹೋಗದೆ, ವ್ಯಾಪ್ತಿ ಮತ್ತು ಜೋಡಿಗಳ ಲೆಕ್ಕ ಮಾತ್ರ ಹೇಳಬಹುದು. ಹತ್ತನೇ ತರಗತಿಗೆ ನನ್ನ ಆಯ್ಕೆ ಇದೇ. ಒಂದೂ ಸುಳ್ಳು ಹೇಳಬೇಕಾಗಿಲ್ಲ. ಒಂದು ಪಿರಿಯಡ್ ಸಾಕು, ಆ ಹುಡುಗಿಯ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತದೆ. ತೊಂದರೆ ಏನೆಂದರೆ, "ಆ ಬಲ ಬಂದದ್ದೆಲ್ಲಿಂದ?" ಎಂದು ಕೇಳಿದರೆ ನಿಲ್ಲಬೇಕಾಗುತ್ತದೆ. ಪ್ರೋಟಾನಿನೊಳಗೆ ಇನ್ನೂ ಸಣ್ಣ ಕಣಗಳಿವೆ, ಅವುಗಳ ನಡುವಿನ ಬಲದ ಉಳಿಕೆ ಇದು ಎಂದು ಹೇಳಿ ನಿಲ್ಲಿಸಿ. ಅದು ಪೂರ್ತಿ ಸತ್ಯವೇ.

ಯುಕಾವಾ ದಾರಿ ಪಿಯುಸಿಗೆ ಚೆನ್ನ. ಭಾಗಾಕಾರ ಮಾಡಿಸಿ 1.4 ಬಂದಾಗ ಮಕ್ಕಳ ಮುಖ ನೋಡಬೇಕು! ಗುಂಡಿ ಇರುವುದು ಆ ಚೆಂಡಿನ ಚಿತ್ರದಲ್ಲಿ. ಇಬ್ಬರು ಚೆಂಡು ಎಸೆದಾಡಿದರೆ ಇಬ್ಬರೂ ಹಿಂದಕ್ಕೆ ಸರಿಯುತ್ತಾರೆ, ಹತ್ತಿರ ಬರುವುದಿಲ್ಲ. ಜಾಣ ಮಗು ಇದನ್ನು ಕೂಡಲೇ ಹಿಡಿಯುತ್ತದೆ. ಅದರ ಬದಲು ಅವರು ಆಗಲೇ ಓದಿರುವ ಸಹವೇಲೆನ್ಸಿ ಬಂಧದಿಂದ ಶುರು ಮಾಡಿ. ಎರಡು ಪರಮಾಣುಗಳು ಎಲೆಕ್ಟ್ರಾನನ್ನು ಹಂಚಿಕೊಂಡಾಗ ಒಟ್ಟು ಶಕ್ತಿ ಇಳಿಯುತ್ತದೆ, ಅದಕ್ಕೇ ಅವು ಸೇರಿರುತ್ತವೆ. ಪ್ರೋಟಾನ್ ಮತ್ತು ನ್ಯೂಟ್ರಾನ್ ಪಯಾನ್ ಹಂಚಿಕೊಳ್ಳುವುದನ್ನೂ ಹಾಗೆ ನೋಡಬಹುದು.

ಕ್ವಾರ್ಕ್ ದಾರಿ ಮಕ್ಕಳಿಗೆ ಇಷ್ಟ, ವಿಡಿಯೋಗಳಲ್ಲೂ ಅದೇ ಜಾಸ್ತಿ. ಆದರೆ ಅರ್ಧಕ್ಕೆ ಬಿಟ್ಟರೆ ಕೆಂಪು, ಹಸಿರು, ನೀಲಿ ಗೋಲಿಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ. ಗ್ಲೂಆನ್ ಅಂದರೆ ಅಂಟು ಎಂಬ ಚಿತ್ರವೂ ಇದೇ ದಾರಿಯದು. ಅಂಟಾದರೆ ಯುರೇನಿಯಂ ಒಡೆಯಲೇಬಾರದು, ದೊಡ್ಡದಾದಷ್ಟೂ ಗಟ್ಟಿಯಾಗಬೇಕು. ಅದನ್ನು ಬಳಸಬೇಡಿ ಎಂದೇ ಹೇಳುತ್ತೇನೆ. ವಿಜ್ಞಾನ ಸಂಘದ ಹೆಚ್ಚುವರಿ ಗಂಟೆ ಇದ್ದರೆ ಈ ದಾರಿ ಹಿಡಿಯಿರಿ, ಪರೀಕ್ಷೆಯ ಪಾಠದ ನಡುವೆ ಬೇಡ.

ಇನ್ನೊಂದಕ್ಕೆ ಸಿದ್ಧವಾಗಿರಿ. ಈ ಹುಡುಗಿ ಮುಂದೆ ಕೇಳುವುದು ನ್ಯೂಟ್ರಾನಿನ ಬಗ್ಗೆ. ಹೊರಗೆ ಒಂಟಿಯಾಗಿರುವ ನ್ಯೂಟ್ರಾನ್ ಸರಾಸರಿ 15 ನಿಮಿಷದ ಒಳಗೆ ಪ್ರೋಟಾನ್ ಆಗಿಬಿಡುತ್ತದೆ ಎಂದು ಅವಳು ಎಲ್ಲೋ ಓದುತ್ತಾಳೆ. ಹಾಗಾದರೆ ಡ್ಯೂಟೆರಾನಿನೊಳಗಿನದು ಕೋಟ್ಯಂತರ ವರ್ಷ ಹೇಗೆ ಉಳಿದಿದೆ ಎನ್ನುತ್ತಾಳೆ. ಉತ್ತರ ಎರಡು ಅಂಕಿಯಲ್ಲಿದೆ. ನ್ಯೂಟ್ರಾನ್ ಪ್ರೋಟಾನ್ ಆದಾಗ ಉಳಿತಾಯವಾಗುವ ಶಕ್ತಿ ಸುಮಾರು 0.8 ಎಂಇವಿ. ಆದರೆ ಹಾಗಾದರೆ ಡ್ಯೂಟೆರಾನಿನ ಜಾಗದಲ್ಲಿ ಸೇರಲಾರದ ಎರಡು ಪ್ರೋಟಾನ್ ಉಳಿಯುತ್ತವೆ, 2.2 ಎಂಇವಿಯ ಕಟ್ಟು ಬಿಚ್ಚಿದಂತಾಗುತ್ತದೆ. ಕೈಯಲ್ಲಿರುವುದು 0.8, ಕೊಡಬೇಕಾದ್ದು 2.2. ಈ ವ್ಯಾಪಾರ ಕುದುರುವುದಿಲ್ಲ. ಎರಡು ಅಂಕಿಯನ್ನೂ ಬೋರ್ಡಿನ ಮೇಲೆ ಬರೆದು, ಕಳೆಯುವ ಕೆಲಸವನ್ನು ಅವಳಿಗೇ ಬಿಡಿ.